ಕರ್ಟಿಯಸ್ ಅಂದರೆ ಪೊಲೈಟ್ ಅಂತಲೇ ಅಲ್ವಾ? ಎರಡಕ್ಕೂ ಏನು ವ್ಯತ್ಯಾಸ?

ಫ್ರಂಟ್_ಆಫೀಸ್_ಮೈಸೂರು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಮೈಸೂರಿನ ಒಂದು ಹೋಟೆಲಿನಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತೇನೆ. ಕೌಂಟರಿನಲ್ಲಿ ಕೂರುವ ಹುಡುಗ ಹುಡುಗಿಯರು ಮಂಡ್ಯ, ನಂಜನಗೂಡು, ಹುಣಸೂರು ಕಡೆಯವರು, ಹೆಚ್ಚಿನವರು ಕನ್ನಡ ಮೀಡಿಯಂನಲ್ಲಿ ಓದಿದವರು. ಮೊನ್ನೆ ಒಬ್ಬ ಗೆಸ್ಟ್ ರಿವ್ಯೂ ಹಾಕಿದ್ದಾರೆ. ರೂಮ್ ಚೊಕ್ಕವಾಗಿತ್ತು, ತಿಂಡಿ ಚೆನ್ನಾಗಿತ್ತು ಅಂತೆಲ್ಲ ಬರೆದು, ಕೊನೆಗೆ "ದ ಸ್ಟಾಫ್ ವರ್ ಪೊಲೈಟ್, ಬಟ್ ನಾಟ್ ವೆರಿ ಕರ್ಟಿಯಸ್" ಅಂದಿದ್ದಾರೆ. ಐದಕ್ಕೆ ಮೂರು ಸ್ಟಾರ್.

ಮ್ಯಾನೇಜರ್ ಇದನ್ನು ಪ್ರಿಂಟ್ ತೆಗೆಸಿ ನನ್ನ ಟೇಬಲ್ ಮೇಲಿಟ್ಟು, ಹುಡುಗರಿಗೆ ಟ್ರೈನಿಂಗ್ ಕೊಡಿ ಅಂದರು. ಕೊಡೋಣ, ಆದರೆ ಏನಂತ ಕೊಡಲಿ? ಡಿಕ್ಷನರಿ ತೆಗೆದರೆ ಪೊಲೈಟ್‌ಗೂ ಸಭ್ಯ, ವಿನಯವುಳ್ಳ ಅಂತಿದೆ, ಕರ್ಟಿಯಸ್‌ಗೂ ಸಭ್ಯ, ಸೌಜನ್ಯವುಳ್ಳ ಅಂತಿದೆ. ಎರಡೂ ಒಂದೇ ಆಗಿದ್ದರೆ ಆ ಮನುಷ್ಯ ಇದು ಇತ್ತು, ಅದು ಇರಲಿಲ್ಲ ಅಂತ ಹೇಗೆ ಬರೆದರು?

ನಿಜವಾಗಿ ವ್ಯತ್ಯಾಸ ಇದೆಯಾ? ಇದ್ದರೆ ಅದನ್ನು ಕನ್ನಡದಲ್ಲಿ ಈ ಮಕ್ಕಳಿಗೆ ಅರ್ಥ ಆಗುವ ಹಾಗೆ ಹೇಗೆ ಹೇಳುವುದು? ಯಾರಿಗೂ ಎದುರು ಮಾತಾಡಿದವರಲ್ಲ ಅವರು. ಏನು ತಪ್ಪಾಯಿತು ಅಂತ ನನಗೇ ಸರಿಯಾಗಿ ತಿಳಿಯದೆ ಸುಮ್ನೆ ಬೈಯಲು ಇಷ್ಟ ಇಲ್ಲ.

ಇಂಗ್ಲಿಷ್_ಮೇಷ್ಟ್ರು_ತುಮಕೂರು

ವ್ಯತ್ಯಾಸ ಇದೆ. ಆದರೆ ಬರೀ ಡಿಕ್ಷನರಿ ಅರ್ಥ ಇಟ್ಟುಕೊಂಡು ಹೇಳಿದರೆ ನಿಮಗೆ ಉಪಯೋಗ ಆಗುವುದಿಲ್ಲ. ಮೊದಲು ಇಷ್ಟು ಹೇಳಿ: ಆ ಗೆಸ್ಟ್ ಬಂದಾಗ ಕೌಂಟರಿನಲ್ಲಿ ನಡೆದದ್ದೇನು? ಯಾರು ಏನಂದರು, ಏನು ಮಾಡಿದರು, ನೆನಪಿದ್ದಷ್ಟು ಬರೆಯಿರಿ.

ಫ್ರಂಟ್_ಆಫೀಸ್_ಮೈಸೂರು

ವಿಚಾರಿಸಿದೆ ಸರ್, ಕ್ಯಾಮೆರಾ ರೆಕಾರ್ಡಿಂಗೂ ನೋಡಿದೆ. ಬೆಳಿಗ್ಗೆ ಆರೂವರೆ ಹೊತ್ತಿಗೆ ರೈಲಿಳಿದು ಬಂದಿದ್ದಾರೆ, ಜೊತೆಗೆ ವಯಸ್ಸಾದ ತಾಯಿ. ನಮ್ಮಲ್ಲಿ ಚೆಕ್ ಇನ್ ಹನ್ನೆರಡಕ್ಕೆ, ಹಿಂದಿನ ರಾತ್ರಿ ರೂಮೆಲ್ಲ ಫುಲ್. ಹುಡುಗ ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್, ಸಾರಿ ಸರ್, ಚೆಕ್ ಇನ್ ಟ್ವೆಲ್ವ್ ಓ ಕ್ಲಾಕ್ ಸರ್, ಪ್ಲೀಸ್ ವೇಟ್ ಸರ್" ಅಂದಿದ್ದಾನೆ. ಸ್ವಲ್ಪ ಬೇಗ ಆಗಬಹುದಾ ಅಂತ ಅವರು ಕೇಳಿದ್ದಕ್ಕೆ "ನೋ ಸರ್, ಟ್ವೆಲ್ವ್ ಓನ್ಲಿ ಸರ್, ಸಾರಿ ಸರ್" ಅಂದು ಮತ್ತೆ ಕಂಪ್ಯೂಟರ್ ಕಡೆ ತಿರುಗಿದ್ದಾನೆ.

ಲಾಬಿಯ ಸೋಫಾ ಮೇಲೆ ಬೇರೆಯವರ ಬ್ಯಾಗು, ಆ ದಿನದ ಪೇಪರ್ ಕಟ್ಟು ಎಲ್ಲ ಹರಡಿತ್ತು. ಆ ಅಮ್ಮ ಕಂಬಕ್ಕೆ ಕೈಯೂರಿ ನಿಂತಿದ್ದಾರೆ. ಆಮೇಲೆ ಮಗನೇ ಬ್ಯಾಗುಗಳನ್ನು ಪಕ್ಕಕ್ಕೆ ಸರಿಸಿ ಅವರನ್ನು ಕೂರಿಸಿದ್ದಾರೆ. ಹುಡುಗ ಒಂದು ಒರಟು ಮಾತೂ ಆಡಿಲ್ಲ.

ಇಂಗ್ಲಿಷ್_ಮೇಷ್ಟ್ರು_ತುಮಕೂರು

ಇಷ್ಟು ಸಾಕು. ನಿಮ್ಮ ಗೆಸ್ಟ್ ಎರಡು ಪದವನ್ನೂ ತೂಕ ನೋಡಿಯೇ ಬಳಸಿದ್ದಾರೆ.

ಹುಡುಗನ ಮಾತಿನಲ್ಲಿ ಕೊರತೆ ಇಲ್ಲ. ಸರ್ ಇದೆ, ಸಾರಿ ಇದೆ, ಪ್ಲೀಸ್ ಇದೆ, ಎದ್ದು ನಿಂತಿದ್ದಾನೆ. ಅದಕ್ಕೇ ಪೊಲೈಟ್ ಅಂದರು. ಪೊಲೈಟ್ ಅನ್ನುವುದು ಹೆಚ್ಚಾಗಿ ಮಾತಿನ ಧಾಟಿಗೆ, ರೂಢಿಯ ನಡವಳಿಕೆ ತಪ್ಪದೆ ಇರುವುದಕ್ಕೆ, ಒರಟುತನ ಇಲ್ಲದಿರುವುದಕ್ಕೆ ಹೇಳುವ ಮಾತು. ಕರ್ಟಿಯಸ್ ಅನ್ನಿಸಿಕೊಳ್ಳಲು ಅದರ ಮೇಲೆ ಇನ್ನೂ ಒಂದು ಬೇಕು. ಎದುರಿಗೆ ಇರುವವರ ಪರಿಸ್ಥಿತಿ ನಮ್ಮ ಗಮನಕ್ಕೆ ಬಂದಿರಬೇಕು, ಬಂದದ್ದು ನಮ್ಮ ನಡತೆಯಲ್ಲಿ ಕಾಣಬೇಕು. ರಾತ್ರಿಯೆಲ್ಲ ರೈಲಿನಲ್ಲಿ ಬಂದ ಮುದುಕಿಗೆ ಕೂರಲು ಜಾಗ ಮಾಡಿಕೊಡುವುದು, ಬ್ಯಾಗ್ ಇಲ್ಲಿ ಬಿಟ್ಟು ತಿಂಡಿ ಮಾಡಿಕೊಂಡು ಬನ್ನಿ ಅನ್ನುವುದು, ಮುಖ ತೊಳೆಯಲು ಬಾತ್‌ರೂಮ್ ಎಲ್ಲಿದೆ ಅಂತ ಕೇಳುವ ಮೊದಲೇ ತೋರಿಸುವುದು. ಇದರಲ್ಲಿ ಯಾವುದಕ್ಕೂ ಇಂಗ್ಲಿಷ್ ಬೇಕಿಲ್ಲ ನೋಡಿ. ರೂಮ್ ಹನ್ನೆರಡಕ್ಕೇ ಕೊಟ್ಟಿದ್ದರೂ ಆ ಮನುಷ್ಯ ಕರ್ಟಿಯಸ್ ಅಂತಲೇ ಬರೆಯುತ್ತಿದ್ದರು ಅಂತ ನನಗೆ ಅನಿಸುತ್ತದೆ.

ಈ ಅರ್ಥ ಇವತ್ತು ನಿನ್ನೆಯದಲ್ಲ. 1387ರ ಸುಮಾರಿಗೆ ಇಂಗ್ಲಿಷ್ ಕವಿ ಚಾಸರ್ ಬರೆಯಲು ಶುರು ಮಾಡಿದ ಕ್ಯಾಂಟರ್ಬರಿ ಕಥೆಗಳ ಪೀಠಿಕೆಯಲ್ಲಿ ಯಾತ್ರೆ ಹೊರಟವರ ಪರಿಚಯ ಬರುತ್ತದೆ. ಅಲ್ಲಿ ನೈಟ್, ಅಂದರೆ ಕುದುರೆ ಏರಿ ಹೋರಾಡುವ ವೀರ, ಒಬ್ಬನ ಮಗ ಇದ್ದಾನೆ, ಇಪ್ಪತ್ತರ ಹುಡುಗ, ಹಾಡುತ್ತಾನೆ, ಕುಣಿಯುತ್ತಾನೆ, ಒಳ್ಳೆ ಬಟ್ಟೆ ಹಾಕಿದ್ದಾನೆ. ಅವನು ಕರ್ಟಿಯಸ್ ಅಂತ ಹೇಳುವಾಗ ಕವಿ ಅದೇ ಉಸಿರಿನಲ್ಲಿ ಅವನು ವಿನಯವಂತ, ಸೇವೆಗೆ ಸಿದ್ಧ, ಊಟದ ಹೊತ್ತಿನಲ್ಲಿ ಅಪ್ಪನ ಮುಂದೆ ನಿಂತು ಮಾಂಸ ಕೊಯ್ದು ಕೊಡುತ್ತಿದ್ದ ಅನ್ನುತ್ತಾನೆ. ಆ ಹುಡುಗ ಸಿಹಿಯಾಗಿ ಮಾತಾಡುತ್ತಿದ್ದ ಅಂತ ಹೇಳಿಲ್ಲ. ಅಪ್ಪನ ತಟ್ಟೆಗೆ ಏನು ಬೇಕು ಅಂತ ನೋಡಿ ಮಾಡಿದ ಕೆಲಸವನ್ನು ಹೇಳಿದ್ದಾನೆ. ಮಕ್ಕಳಿಗೆ ಈ ಪದ ಹೇಳಿಕೊಡುವಾಗ ನಾನು ಈ ಸಾಲನ್ನು ಬಿಡುವುದೇ ಇಲ್ಲ.

ಪೊಲೈಟ್‌ನ ಮೂಲ ಬೇರೆ. ಲ್ಯಾಟಿನ್ನಿನಲ್ಲಿ ಉಜ್ಜಿ ಹೊಳಪು ಕೊಡುವುದಕ್ಕೆ ಹೇಳುವ ಮಾತಿನಿಂದ ಬಂದದ್ದು, ಪಾಲಿಶ್ ಕೂಡ ಅದೇ ಬೇರಿನದು. ಇಂಗ್ಲಿಷಿನಲ್ಲಿಯೂ ಮೊದಲು ನುಣುಪು ಮಾಡಿದ ವಸ್ತುವಿಗೇ ಪೊಲೈಟ್ ಅನ್ನುತ್ತಿದ್ದರು, ಮನುಷ್ಯರ ನಡತೆಗೆ ಬಂದದ್ದು ಆಮೇಲೆ. ಪೊಲೀಸ್, ಪಾಲಿಟಿಕ್ಸ್ ಇವಕ್ಕೂ ಇದಕ್ಕೂ ಸಂಬಂಧ ಇಲ್ಲ, ಅವು ಗ್ರೀಕಿನ ನಗರ ಅನ್ನುವ ಪದದಿಂದ ಬಂದವು.

ಲೀಡ್ಸ್_ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಕೇಳುವುದನ್ನು ಹೇಳುತ್ತೇನೆ.

ಮಾತಿನಲ್ಲಿ ಜನ ಕರ್ಟಿಯಸ್ ಅನ್ನುವುದು ಕಡಿಮೆ. ವಾರ್ಡಿನಲ್ಲಿ ಪೇಷಂಟ್ ಮನೆಯವರು ಹೊಗಳುವಾಗ ಕೈಂಡ್, ಲವ್ಲಿ, ಥಾಟ್‌ಫುಲ್ ಅನ್ನುತ್ತಾರೆ. ಕರ್ಟಿಯಸ್ ಬರುವುದು ಬರವಣಿಗೆಯಲ್ಲಿ. ಫೀಡ್‌ಬ್ಯಾಕ್ ಫಾರಂ, ಕಂಪ್ಲೇಂಟ್ ಲೆಟರ್, ಕೆಲಸಕ್ಕೆ ರೆಫರೆನ್ಸ್ ಬರೆಯುವಾಗ. ಅಂದರೆ ಸ್ವಲ್ಪ ಬಿಗಿಯಾದ ಪದ. ನಿಮ್ಮ ಗೆಸ್ಟ್ ಅದನ್ನೇ ಆರಿಸಿ ಬರೆದಿದ್ದಾರೆ ಅಂದರೆ ಸುಮ್ಮನೆ ಕೈಗೆ ಬಂದದ್ದನ್ನು ಟೈಪ್ ಮಾಡಿರಲಿಕ್ಕಿಲ್ಲ.

ಮತ್ತೆ ಪೊಲೈಟ್ ಅನ್ನುವುದು ಇಲ್ಲಿ ಯಾವಾಗಲೂ ಹೊಗಳಿಕೆ ಅಲ್ಲ. "ಹಿ ವಾಸ್ ಜಸ್ಟ್ ಬೀಯಿಂಗ್ ಪೊಲೈಟ್" ಅಂದರೆ ಅವನು ಮನಸ್ಸಿನಿಂದ ಹೇಳಿದ್ದಲ್ಲ, ಬಾಯಿಮಾತಿಗೆ ಹೇಳಿದ್ದು ಅಂತ. ಪೊಲೈಟ್ ಅನ್ನುವುದರ ಹಿಂದೆ ಕೋಲ್ಡ್, ಡಿಸ್ಟೆಂಟ್ ಅಂತ ಸೇರಿಸುವುದೂ ಮಾಮೂಲಿ. ಜಸ್ಟ್ ಬೀಯಿಂಗ್ ಕರ್ಟಿಯಸ್ ಅಂತಲೂ ಅನ್ನಬಹುದು, ಆದರೆ ಅದು ಅಷ್ಟು ಚುಚ್ಚುವುದಿಲ್ಲ. ಸಿವಿಲ್ ಅಂತ ಇನ್ನೊಂದಿದೆ, ಅದು ಇನ್ನೂ ಕೆಳಗಿನ ಮೆಟ್ಟಿಲು. ಇಬ್ಬರಿಗೆ ಜಗಳ ಆಗಿ ಮಾತು ಬಿಡದೆ ಅಷ್ಟಕ್ಕಷ್ಟೇ ಇದ್ದಾರೆ ಅಂದರೆ ಅವರು ಸಿವಿಲ್ ಆಗಿದ್ದಾರೆ ಅನ್ನುತ್ತಾರೆ.

ಕರ್ಟಸಿ ಅನ್ನುವ ನಾಮಪದ ಮಾತ್ರ ದಿನಾ ಕಿವಿಗೆ ಬೀಳುತ್ತದೆ. ಗ್ಯಾರೇಜಿಗೆ ಕಾರು ಬಿಟ್ಟರೆ ರಿಪೇರಿ ಮುಗಿಯುವ ತನಕ ಓಡಿಸಲು ಅವರು ಕೊಡುವ ಕಾರು ಕರ್ಟಸಿ ಕಾರ್. ಕಾರಿನ ಬಾಗಿಲು ತೆಗೆದ ತಕ್ಷಣ ಒಳಗೆ ಹತ್ತಿಕೊಳ್ಳುವ ಸಣ್ಣ ಲೈಟು ಕರ್ಟಸಿ ಲೈಟ್. ಎರಡರಲ್ಲೂ ಮೇಷ್ಟ್ರು ಹೇಳಿದ್ದೇ ಇದೆ, ನಿಮಗೆ ಏನು ತೊಂದರೆ ಆಗಬಹುದು ಅಂತ ಯಾರೋ ಮೊದಲೇ ಯೋಚಿಸಿದ್ದಾರೆ. ಬೇಜಾರಾದಾಗ ಜನ "ಹಿ ಡಿಡಂಟ್ ಈವನ್ ಹ್ಯಾವ್ ದ ಕರ್ಟಸಿ ಟು ಕಾಲ್" ಅನ್ನುತ್ತಾರೆ. ಇದಕ್ಕೆ ಸರಿಸಮ ನಮ್ಮಲ್ಲೂ ಇದೆ ಅಲ್ವಾ, "ಸೌಜನ್ಯಕ್ಕಾದರೂ ಒಂದು ಫೋನ್ ಮಾಡಬಾರದಿತ್ತಾ?" ಅಂತ ನಮ್ಮ ಅತ್ತೆ ವಾರಕ್ಕೊಮ್ಮೆ ಯಾರಿಗಾದರೂ ಹೇಳುತ್ತಿರುತ್ತಾರೆ. ಹಾಗಾಗಿ ಕನ್ನಡದಲ್ಲಿ ಒಂದೇ ಪದ ಬೇಕು ಅಂದರೆ ಸೌಜನ್ಯ ಇಟ್ಟುಕೊಳ್ಳಿ, ವಿನಯ ಬೇಡ. ವಿನಯ ಅಂದರೆ ನಾನು ತಗ್ಗಿ ನಡೆಯುವುದು. ಕರ್ಟಿಯಸ್ ಆಗಿರಲು ತಗ್ಗಬೇಕಾಗಿಲ್ಲ. "ಕರ್ಟಿಯಸ್ ಬಟ್ ಫರ್ಮ್" ಅಂತ ಇಲ್ಲಿ ತುಂಬ ಬಳಸುತ್ತಾರೆ, ಆಗದು ಅನ್ನುವುದನ್ನು ಆಗದು ಅಂತಲೇ ಹೇಳಿ, ಆದರೆ ಎದುರಿನವರಿಗೆ ಅವಮಾನ ಆಗದ ಹಾಗೆ.

ನೇರ_ಮಾತು

ನನಗೆ ಇದು ಕೂದಲು ಸೀಳಿದ ಹಾಗೆ ಕಾಣುತ್ತಿದೆ. ಇಂಗ್ಲಿಷ್ ಡಿಕ್ಷನರಿಗಳೇ ಕರ್ಟಿಯಸ್ ಅಂದರೆ ಪೊಲೈಟ್ ಮತ್ತು ಗೌರವದಿಂದ ನಡೆಯುವ ಅಂತ ಒಂದು ಪದದಿಂದ ಇನ್ನೊಂದನ್ನು ವಿವರಿಸುತ್ತವೆ. ನೂರಕ್ಕೆ ತೊಂಬತ್ತು ಸಲ ಅದರ ಜಾಗಕ್ಕೆ ಇದನ್ನು ಹಾಕಿದರೆ ಅರ್ಥ ಕೆಡುವುದಿಲ್ಲ. ಪೊಲೈಟ್ ರಿಪ್ಲೈ, ಕರ್ಟಿಯಸ್ ರಿಪ್ಲೈ, ಏನು ವ್ಯತ್ಯಾಸ ಹೇಳಿ? ಮೂಲ ಲ್ಯಾಟಿನ್ ಏನಾದರೂ ಇರಲಿ, ಇವತ್ತು ರಿವ್ಯೂ ಬರೆಯುವವರು ಲ್ಯಾಟಿನ್ ನೋಡಿ ಬರೆಯುವುದಿಲ್ಲ. ಕೌಂಟರಿನಲ್ಲಿ ಕೂತ ಹುಡುಗನಿಗೆ ಇದನ್ನೆಲ್ಲ ತುಂಬಿದರೆ ಅವನು ಇನ್ನೂ ಹೆದರುತ್ತಾನೆ.

ಇಂಗ್ಲಿಷ್_ಮೇಷ್ಟ್ರು_ತುಮಕೂರು

ಒಂದೇ ಪದ ಒಂಟಿಯಾಗಿ ಬಂದಾಗ ನೀವು ಹೇಳುವುದು ಸರಿ, ಬಹಳ ಸಲ ಯಾವುದನ್ನು ಹಾಕಿದರೂ ನಡೆಯುತ್ತದೆ. ಆದರೆ ಒಂದೇ ವಾಕ್ಯದಲ್ಲಿ ಎರಡನ್ನೂ ಇಟ್ಟು ನಡುವೆ "ಬಟ್" ಹಾಕಿದಾಗ ಬರೆದವರು ಆ ಗೆರೆಯನ್ನು ತಾವೇ ಎಳೆದಿದ್ದಾರೆ. ಆಗ ಎರಡೂ ಒಂದೇ ಅಂತ ಓದಲು ಬರುವುದಿಲ್ಲ. ಕಂಬಕ್ಕೆ ಕೈಯೂರಿ ನಿಂತ ತಾಯಿಯನ್ನು ನೋಡಿದ ಮಗ ಬರೆದ ವಾಕ್ಯ ಅದು.

ಹುಡುಗ ಹೆದರಬಾರದು ಅನ್ನುವುದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ ಇದೆ. ಅದಕ್ಕೇ ಅವನಿಗೆ ಇಂಗ್ಲಿಷ್ ಪಾಠ ಬೇಡ ಅನ್ನುತ್ತಿದ್ದೇನೆ. ಅವನ ಇಂಗ್ಲಿಷ್‌ನಲ್ಲಿ ಆ ಬೆಳಿಗ್ಗೆ ಏನೂ ಕಡಿಮೆ ಆಗಿರಲಿಲ್ಲ.

ಹುಬ್ಬಳ್ಳಿ_ವಕೀಲ

ನಾನು ಕೋರ್ಟಿನಲ್ಲಿ ಕೆಲಸ ಮಾಡುವವನು, ಈ ಪದದ ಹೊಟ್ಟೆಯಲ್ಲೇ ಕೋರ್ಟ್ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ಲ್ಯಾಟಿನ್ನಿನಲ್ಲಿ ಗೋಡೆ ಕಟ್ಟಿ ಸುತ್ತುವರಿದ ಅಂಗಳಕ್ಕೆ ಕೋಹೋರ್ಸ್ ಅಂತ ಹೆಸರು. ಅದು ಹಳೆಯ ಫ್ರೆಂಚ್ ಮೂಲಕ ಕೋರ್ಟ್ ಆಯಿತು. ರಾಜನ ಅಂಗಳ, ಆಮೇಲೆ ರಾಜನ ಆಸ್ಥಾನ, ರಾಜನೇ ನ್ಯಾಯ ಹೇಳುತ್ತಿದ್ದರಿಂದ ನ್ಯಾಯಾಲಯ. ಆಸ್ಥಾನಕ್ಕೆ ತಕ್ಕ ನಡತೆ ಇರುವವನು ಕರ್ಟಿಯಸ್. ಈಗ ನಮ್ಮ ಸಭ್ಯ ಅನ್ನುವ ಪದ ನೋಡಿ. ಸಭೆಗೆ ತಕ್ಕವನು ಸಭ್ಯ. ಹಿಂದಿನ ಕಾಲದ ಧರ್ಮಶಾಸ್ತ್ರಗಳಲ್ಲಿ ರಾಜನ ಜೊತೆ ಕೂತು ವ್ಯಾಜ್ಯ ತೀರ್ಮಾನ ಮಾಡುವವರನ್ನೇ ಸಭ್ಯರು ಅನ್ನುತ್ತಿದ್ದರು. ಯುರೋಪಿನಲ್ಲಿ ಒಂದು ದಾರಿ, ಸಂಸ್ಕೃತದಲ್ಲಿ ಇನ್ನೊಂದು ದಾರಿ, ತಲುಪಿದ ಜಾಗ ಮಾತ್ರ ಒಂದೇ. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಇಷ್ಟ ಆಗದ್ದೂ ಒಂದಿದೆ. ನಾಗರಿಕ ಅನ್ನುವುದು ನಗರದಿಂದ, ಅರ್ಬೇನ್ ಅನ್ನುವುದು ಲ್ಯಾಟಿನ್ನಿನ ನಗರದಿಂದ, ಸಿವಿಲ್ ಅನ್ನುವುದು ನಗರದ ಪ್ರಜೆಯಿಂದ. ಒಳ್ಳೆ ನಡತೆಯ ಪದಗಳನ್ನೆಲ್ಲ ಪಟ್ಟಣ, ಅರಮನೆ ಕಡೆಯವರು ತಮ್ಮ ಹೆಸರಿಗೆ ಬರೆದುಕೊಂಡಿದ್ದಾರೆ. ಹಳ್ಳಿಗೆ ಉಳಿದದ್ದು ಗ್ರಾಮ್ಯ. ಇಂಗ್ಲಿಷಿನ ವಿಲನ್ ಕೂಡ ಮೂಲದಲ್ಲಿ ಹೊಲದಲ್ಲಿ ದುಡಿಯುವವನು, ಒರಟ ಅನ್ನುವ ಅರ್ಥದ ಬೂರ್ ಕೂಡ ರೈತನೇ. ನಾನು ನವಲಗುಂದದ ಕಡೆ ಹಳ್ಳಿಯಲ್ಲಿ ಬೆಳೆದವನು. ನಮ್ಮ ಕಡೆ ಬಿಸಿಲಲ್ಲಿ ಬಂದ ಯಾರೇ ಆಗಲಿ, ಗುರುತು ಇರಲಿ ಇಲ್ಲದಿರಲಿ, ಮೊದಲು ಒಂದು ಚೊಂಬು ನೀರು, ಒಂದು ಚೂರು ಬೆಲ್ಲ, ಆಮೇಲೇ "ಯಾವೂರ್ರೀ, ಯಾರ ಮನಿಗೆ ಬಂದೀರಿ?" ಅನ್ನುವ ಮಾತು. ಬಂದವರ ಬಾಯಿ ಒಣಗಿದೆ ಅಂತ ನೋಡಿ ನೀರು ಕೊಡುವವರಿಗೆ ಕರ್ಟಿಯಸ್ ಅನ್ನದೆ ಇನ್ಯಾರಿಗೆ ಅನ್ನಬೇಕು?

ಇನ್ನೊಂದು. ನ್ಯಾಯಾಧೀಶನಿಗೆ ನಾಲ್ಕು ಗುಣ ಇರಬೇಕು ಅನ್ನುವ ಮಾತನ್ನು ಸಾಕ್ರಟೀಸ್ ಹೆಸರಿನಲ್ಲಿ ನಮ್ಮ ವಕೀಲರು, ಜಡ್ಜುಗಳು ಆಗಾಗ ಹೇಳುತ್ತಾರೆ: ಸೌಜನ್ಯದಿಂದ ಕೇಳುವುದು, ವಿವೇಕದಿಂದ ಉತ್ತರಿಸುವುದು, ಸಮಾಧಾನದಿಂದ ಯೋಚಿಸುವುದು, ಪಕ್ಷಪಾತ ಇಲ್ಲದೆ ತೀರ್ಮಾನಿಸುವುದು. ಇಂಗ್ಲಿಷಿನಲ್ಲಿ ಮೊದಲನೆಯದು "ಟು ಹಿಯರ್ ಕರ್ಟಿಯಸ್ಲಿ". ಗಮನಿಸಿ, ಕರ್ಟಿಯಸ್ ಆಗಿ ಮಾತಾಡುವುದು ಅಂತ ಇಲ್ಲ, ಕೇಳುವುದು ಅಂತ ಇದೆ. ಕಕ್ಷಿದಾರ ತನ್ನ ಮಾತು ಮುಗಿಸುವ ತನಕ ಬಾಯಿ ಹಾಕದೆ, ಕಣ್ಣು ಗಡಿಯಾರದ ಮೇಲಿಡದೆ ಕೇಳುವ ಜಡ್ಜ್ ಮುಂದೆ ಕೇಸ್ ಸೋತರೂ ಜನ ಸಮಾಧಾನವಾಗಿ ಹೊರಗೆ ಬರುವುದನ್ನು ನಾನು ನೋಡಿದ್ದೇನೆ. ನಿಮ್ಮ ಕೌಂಟರಿನಲ್ಲೂ ಅಷ್ಟೇ. ಸ್ವಲ್ಪ ಬೇಗ ಆಗಬಹುದಾ ಅಂತ ಅವರು ಕೇಳಿದಾಗ "ನೋ ಸರ್" ಅನ್ನುವ ಮೊದಲು ಒಂದು ನಿಮಿಷ ಅವರ ಕಡೆ ನೋಡಿದ್ದರೆ ಹಿಂದೆ ನಿಂತ ತಾಯಿ ಕಾಣುತ್ತಿದ್ದರು.

ಸಂಪಿಗೆ_ಮರ

ವಕೀಲರೇ, ನಿಮ್ಮ ಮಾತು ಓದಿ ಬಸವಣ್ಣನವರ ವಚನ ನೆನಪಾಯಿತು. ಏನು ಬಂದಿರಿ, ಕ್ಷೇಮವಾಗಿದ್ದೀರಾ ಅಂತ ಕೇಳಿಬಿಟ್ಟರೆ ನಿಮ್ಮ ಸಂಪತ್ತು ಹಾರಿಹೋಗುತ್ತದೆಯೇ, ಕುಳಿತುಕೊಳ್ಳಿ ಅಂದರೆ ನೆಲ ಕುಸಿದು ಗುಂಡಿ ಬೀಳುತ್ತದೆಯೇ ಅಂತ ಕೇಳುತ್ತಾರಲ್ಲ ಅದು. 12ನೇ ಶತಮಾನದ್ದು. ಕೊಡಲು ಏನೂ ಇಲ್ಲದಿದ್ದರೆ ಈ ಗುಣವಾದರೂ ಇರಲಿ ಅನ್ನುವುದು ಅದರ ತಿರುಳು. ಕೊಡಲು ರೂಮ್ ಇಲ್ಲದ ಹೊತ್ತಿನಲ್ಲಿ ಕುಳಿತುಕೊಳ್ಳಿ ಅನ್ನಬೇಕು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಮಾತು ಸಿಗುವುದಿಲ್ಲ. ನಿಮ್ಮ ಹುಡುಗರು ಇದನ್ನು ಶಾಲೆಯಲ್ಲಿ ಕೇಳಿಯೇ ಇರುತ್ತಾರೆ, ಟ್ರೈನಿಂಗಿಗೆ ಇದರಿಂದಲೇ ಶುರು ಮಾಡಿ ಅಕ್ಕ ಅಥವಾ ಅಣ್ಣ, ಯಾರೆಂದು ಗೊತ್ತಾಗಲಿಲ್ಲ.

ಫ್ರಂಟ್_ಆಫೀಸ್_ಮೈಸೂರು

ಅಕ್ಕ. ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ವಚನ ಖಂಡಿತ ಹೇಳುತ್ತೇನೆ.

ಇನ್ನೊಂದು ಸಂದೇಹ. ನಮ್ಮ ಹುಡುಗಿ ಒಬ್ಬಳಿದ್ದಾಳೆ, ಬಂದವರನ್ನು ತುಂಬ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ವಯಸ್ಸಾದವರ ಕೈ ಹಿಡಿದು ಲಿಫ್ಟ್ ತನಕ ಬಿಟ್ಟು ಬರುತ್ತಾಳೆ. ಆದರೆ ಇಂಗ್ಲಿಷಿನಲ್ಲಿ "ಗಿವ್ ಯುವರ್ ಆಧಾರ್", "ಸೈನ್ ಹಿಯರ್", "ಸಿಟ್" ಅನ್ನುತ್ತಾಳೆ. ಅವಳಿಗೆ ರೂಡ್ ಅಂತ ಒಬ್ಬರು ಹೇಳಿಹೋದರು, ಪಾಪ ಅತ್ತುಬಿಟ್ಟಳು. ಅವಳು ಕರ್ಟಿಯಸ್ ಆದರೆ ಪೊಲೈಟ್ ಅಲ್ಲ ಅಂತ ಆಗುತ್ತದಾ?

ಲೀಡ್ಸ್_ಕನ್ನಡತಿ

ಹೌದು ಅಕ್ಕ, ಹಾಗೇ ಆಗುತ್ತದೆ. ಇದು ಅವಳ ಸ್ವಭಾವದ ದೋಷ ಅಲ್ಲವೇ ಅಲ್ಲ, ಎರಡು ಭಾಷೆಯ ನಡುವಿನ ತೊಡಕು. ಇಲ್ಲಿಗೆ ಹೊಸದಾಗಿ ಬರುವ ನಮ್ಮ ಕಡೆಯ ನರ್ಸ್‌ಗಳೆಲ್ಲ ಇದೇ ಜಾಗದಲ್ಲಿ ಎಡವುತ್ತಾರೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಕೊಡು ಅಲ್ಲ ಕೊಡಿ, ಬಾ ಅಲ್ಲ ಬನ್ನಿ, ಕೂತ್ಕೋ ಅಲ್ಲ ಕೂತ್ಕೊಳ್ಳಿ. ವಕೀಲರ ಕಡೆ ಒಂದು ರೀ ಸೇರಿಸಿದರೆ ಮುಗಿಯಿತು, ಹೌದ್ರೀ, ಬರ್ರೀ, ಕುಂದರ್ರೀ. ದಯವಿಟ್ಟು ಅನ್ನುವ ಮಾತನ್ನು ಮನೆಯಲ್ಲಿ, ಅಂಗಡಿಯಲ್ಲಿ ಎಷ್ಟು ಜನ ಅನ್ನುತ್ತಾರೆ ಹೇಳಿ? ಅದು ಬೋರ್ಡಿನ ಮೇಲೆ, ಅನೌನ್ಸ್‌ಮೆಂಟಿನಲ್ಲಿ ಕಾಣುವ ಪದ. ಆ ಹುಡುಗಿ ಮನಸ್ಸಿನಲ್ಲಿ "ನಿಮ್ಮ ಆಧಾರ್ ಕೊಡಿ" ಅಂತ ಮರ್ಯಾದೆಯಾಗಿಯೇ ಹೇಳಿಕೊಂಡು ಅದನ್ನು ಇಂಗ್ಲಿಷಿಗೆ ದಾಟಿಸುತ್ತಾಳೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ದಾಟುವಾಗ ಡಿ ಬಿದ್ದುಹೋಗಿ "ಗಿವ್" ಮಾತ್ರ ಉಳಿಯುತ್ತದೆ, ಕೇಳುವವರಿಗೆ ಅದು "ಕೊಡು" ಅನ್ನುವ ಹಾಗೆ ಬಡಿಯುತ್ತದೆ. ಬಿದ್ದುಹೋದ ಮರ್ಯಾದೆಯನ್ನು ಬೇರೆ ಕಡೆಯಿಂದ ತುಂಬಬೇಕು. "ಕುಡ್ ಐ ಸೀ ಯುವರ್ ಆಧಾರ್, ಪ್ಲೀಸ್?", "ವುಡ್ ಯು ಸೈನ್ ಹಿಯರ್, ಪ್ಲೀಸ್?", "ಪ್ಲೀಸ್ ಹ್ಯಾವ್ ಎ ಸೀಟ್". ಆಜ್ಞೆಯನ್ನು ಪ್ರಶ್ನೆ ಮಾಡಿದರೆ ಮುಕ್ಕಾಲು ಕೆಲಸ ಆದಂತೆ. ಅವಳಿಗೆ ಇಂಥ ಹತ್ತು ವಾಕ್ಯ ಬಾಯಿಪಾಠ ಮಾಡಿಸಿ ಸಾಕು. ಉಳಿದದ್ದು, ಅಂದರೆ ಕಲಿಸಲು ಕಷ್ಟವಾದದ್ದು, ಅವಳ ಹತ್ತಿರ ಆಗಲೇ ಇದೆ. ಅವಳಿಗೆ ಇದನ್ನು ನನ್ನ ಹೆಸರಿನಲ್ಲಿ ಹೇಳಿಬಿಡಿ.

ಭಾಷೆ_ಓದುವವಳು

ಲೀಡ್ಸ್ ಅಕ್ಕ ಹೇಳಿದ್ದಕ್ಕೆ ಚಿಕ್ಕದಾಗಿ ಸೇರಿಸುತ್ತೇನೆ, ಎಂ.ಎ. ಭಾಷಾವಿಜ್ಞಾನದಲ್ಲಿ ಓದಿದ್ದು. ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅನ್ನುವ ಇಬ್ಬರು ಇಂಗ್ಲಿಷ್, ನಮ್ಮ ಪಕ್ಕದ ತಮಿಳು, ಮೆಕ್ಸಿಕೋದ ತ್ಸೆಲ್ತಾಲ್ ಈ ಮೂರು ಭಾಷೆಯ ಮರ್ಯಾದೆ ಮಾತುಗಳನ್ನು ಹೋಲಿಸಿ ನೋಡಿದರು, 1987ರಲ್ಲಿ ಪುಸ್ತಕವಾಗಿ ಬಂತು. ಎಲ್ಲರಿಗೂ ಕಾಪಾಡಿಕೊಳ್ಳಬೇಕಾದ ಒಂದು ಮುಖ ಇರುತ್ತದೆ ಅನ್ನುತ್ತಾರೆ ಅವರು. ಮುಖಕ್ಕೆ ಹೊಡೆದ ಹಾಗೆ ಮಾತಾಡಿದ ಅಂತ ನಾವು ಅನ್ನುತ್ತೇವಲ್ಲ, ಆ ಮುಖ. ಅದಕ್ಕೆ ಎರಡು ಆಸೆ. ನನ್ನನ್ನು ತಮ್ಮವರ ಹಾಗೆ ಕಾಣಲಿ ಅನ್ನುವುದೊಂದು, ನನ್ನ ಪಾಡಿಗೆ ನನ್ನನ್ನು ಬಿಡಲಿ ಅನ್ನುವುದೊಂದು.

ಕೌಂಟರಿನವರಿಗೆ ಇದು ಯಾಕೆ ಬೇಕು ಅಂದರೆ, ನಮ್ಮವರು ಮೊದಲನೆಯದನ್ನು ಜಾಸ್ತಿ ನೋಡುತ್ತಾರೆ. ಊಟ ಆಯ್ತಾ, ಎಲ್ಲಿಂದ ಬಂದಿರಿ, ಮಕ್ಕಳೆಷ್ಟು ಅಂತ ಕೇಳುವುದೇ ನಮ್ಮಲ್ಲಿ ಸೌಜನ್ಯ. ಹೊರದೇಶದ ಗೆಸ್ಟ್‌ಗಳಲ್ಲಿ ಕೆಲವರಿಗೆ ಎರಡನೆಯದು ಮುಖ್ಯ. ಅವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಪ್ರಶ್ನೆ ಕೇಳದೆ ಬಿಡುವುದೇ ಕರ್ಟಿಯಸ್. ಮದುವೆ ಆಗಿದೆಯಾ ಅಂತ ಕೇಳದಿದ್ದರೆ ಒಳ್ಳೆಯದು.

ಹೊಸಬ_೨೭

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಇದನ್ನು ಹೇಳುವುದು ಕೋರ್ಟಿಯಸ್ ಅಂತಲಾ ಕರ್ಟಿಯಸ್ ಅಂತಲಾ? ನಮ್ಮ ಆಫೀಸಿನಲ್ಲಿ ಎರಡೂ ಕೇಳಿದ್ದೇನೆ. ಇಂಟರ್‌ವ್ಯೂಗೆ ಹೋಗುವುದಿದೆ.

ಇಂಗ್ಲಿಷ್_ಮೇಷ್ಟ್ರು_ತುಮಕೂರು

ಕರ್ಟಿಯಸ್. ಒತ್ತು ಮೊದಲ ಅಕ್ಷರಕ್ಕೆ. ಕರ್ಟಸಿಯೂ ಹಾಗೇ. ಆಸ್ಥಾನಿಕ ಅನ್ನುವ ಕೋರ್ಟಿಯರ್, ಮದುವೆಗೆ ಮುಂಚಿನ ಕೋರ್ಟ್‌ಶಿಪ್, ಇವೆರಡರಲ್ಲಿ ಮಾತ್ರ ಕೋರ್ ಬರುತ್ತದೆ, ಸ್ಪೆಲಿಂಗ್ ಒಂದೇ ಥರ ಇರುವುದರಿಂದ ಗೊಂದಲ. ಹೆಂಗಸರು ಮೊಣಕಾಲು ಬಾಗಿಸಿ ನಮಸ್ಕರಿಸುವ ಕರ್ಟ್ಸಿ ಕೂಡ ಕರ್ಟಸಿಯ ಇನ್ನೊಂದು ರೂಪವೇ.

ಒಂದು ಎಚ್ಚರಿಕೆ: ಕರ್ಟ್ ಅಂತ ಚಿಕ್ಕ ಪದ ಒಂದಿದೆ, ಅದು ಬೇರೆ ಕುಲದ್ದು, ಮೊಟಕು ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು. ಕರ್ಟ್ ರಿಪ್ಲೈ ಅಂದರೆ ಕತ್ತರಿಸಿದ ಹಾಗೆ ಕೊಟ್ಟ ಉತ್ತರ, ಹೆಚ್ಚು ಕಡಿಮೆ ಕರ್ಟಿಯಸ್‌ಗೆ ವಿರುದ್ಧ. ಇಂಟರ್‌ವ್ಯೂನಲ್ಲಿ "ಐ ವಾಸ್ ಕರ್ಟ್ ವಿತ್ ಕಸ್ಟಮರ್ಸ್" ಅಂದುಬಿಟ್ಟರೆ ಕಷ್ಟ. ಸರಿಯಾದ ವಿರುದ್ಧಪದ ಡಿಸ್‌ಕರ್ಟಿಯಸ್. ಅನ್‌ಕರ್ಟಿಯಸ್, ಇನ್‌ಕರ್ಟಿಯಸ್ ಅಂತ ಬರೆಯಬೇಡಿ. ಕ್ರಿಯೆಗೆ ಕರ್ಟಿಯಸ್ಲಿ. ಯಾರಾದರೂ ಉಪಕಾರ ಮಾಡಿದಾಗ "ಇಟ್ ವಾಸ್ ಕರ್ಟಿಯಸ್ ಆಫ್ ಯು ಟು ವೇಟ್" ಅನ್ನುವ ಜೋಡಣೆ ಚೆನ್ನಾಗಿರುತ್ತದೆ.

ಸಂಪಿಗೆ_ಮರ

ಪೇಪರಿನಲ್ಲಿ ಫೋಟೋ ಕೆಳಗೆ ಬರುವ ಕರ್ಟಸಿಯನ್ನು ಕನ್ನಡದಲ್ಲಿ ಚಿತ್ರ ಕೃಪೆ ಅಂತ ಹಾಕುತ್ತಾರೆ. ಮಂತ್ರಿಗಳ ಕರ್ಟಸಿ ಕಾಲ್ ಮಾತ್ರ ಸೌಜನ್ಯದ ಭೇಟಿ. ಒಂದೇ ಪದಕ್ಕೆ ಸಂದರ್ಭ ನೋಡಿ ಎರಡು ಕನ್ನಡ, ಎರಡೂ ಸರಿಯಾಗಿ ಕೂತಿವೆ. ಯಾರು ಮೊದಲು ಹಾಕಿದರೋ, ಅವರಿಗೆ ಒಂದು ನಮಸ್ಕಾರ.

ಫ್ರಂಟ್_ಆಫೀಸ್_ಮೈಸೂರು

ಟ್ರೈನಿಂಗಿಗೆ ಹೀಗೆ ಬರೆದುಕೊಂಡಿದ್ದೇನೆ, ನೋಡಿ ಹೇಳಿ.

"ಬಾಗಿಲಲ್ಲಿ ಯಾರು ಬಂದರೂ ಕಂಪ್ಯೂಟರ್ ಬಿಟ್ಟು ಮೊದಲು ಅವರನ್ನು ನೋಡಿ. ವಯಸ್ಸಾದವರು, ಮಗು ಎತ್ತಿಕೊಂಡವರು, ಬಸುರಿಯರು ಇದ್ದರೆ ಮೊದಲು ಕೂರಿಸಿ, ಆಮೇಲೆ ರಿಜಿಸ್ಟರ್. ರೂಮ್ ಇಲ್ಲ ಅನ್ನಬೇಕಾದಾಗ ಅದರ ಜೊತೆಗೆ ನಾವು ಏನು ಮಾಡಿಕೊಡಬಹುದು ಅಂತಲೂ ಹೇಳಿ: ಲಗೇಜ್ ಇಡಬಹುದು, ಮುಖ ತೊಳೆಯಬಹುದು, ಕಾಫಿ ತಿಂಡಿ ಎಲ್ಲಿ ಸಿಗುತ್ತದೆ. ಲಾಬಿಯ ಸೋಫಾ ಯಾವಾಗಲೂ ಖಾಲಿ ಇರಬೇಕು, ಪೇಪರ್ ಕಟ್ಟು ಅಲ್ಲಿ ಇಡಬಾರದು."

ರಿವ್ಯೂಗೆ ಇಂಗ್ಲಿಷಿನಲ್ಲಿ ಉತ್ತರ ಹೀಗೆ: "ಡಿಯರ್ ಸರ್, ವಿ ಆರ್ ಸಾರಿ ದಟ್ ಅವರ್ ಸ್ಟಾಫ್ ವಾಸ್ ನಾಟ್ ಕರ್ಟಿಯಸ್ ವಿತ್ ಯು. ಕೈಂಡ್ಲಿ ಅಡ್ಜಸ್ಟ್ ಅಂಡ್ ಗಿವ್ ಒನ್ ಮೋರ್ ಚಾನ್ಸ್. ಟೀಮ್ ಫ್ರಂಟ್ ಆಫೀಸ್."

ನೇರ_ಮಾತು

ಕನ್ನಡದ್ದು ಹಾಗೇ ಇರಲಿ, ಒಂದಕ್ಷರ ಮುಟ್ಟಬೇಡಿ. ಅದರಲ್ಲಿ ಕರ್ಟಿಯಸ್ ಅನ್ನುವ ಪದವೇ ಇಲ್ಲ, ಅದು ನನಗೆ ತುಂಬ ಹಿಡಿಸಿತು.

ಇಂಗ್ಲಿಷ್_ಮೇಷ್ಟ್ರು_ತುಮಕೂರು

ಕನ್ನಡದ್ದು ನನಗೂ ಒಪ್ಪಿಗೆ. ಇಂಗ್ಲಿಷಿನಲ್ಲಿ ಸ್ವಲ್ಪ ತಿದ್ದೋಣ. ಕರ್ಟಿಯಸ್ ವಿತ್ ಅಲ್ಲ, ಕರ್ಟಿಯಸ್ ಟು. ಆದರೆ ಇಲ್ಲಿ ಆ ಪದವನ್ನೇ ತಿರುಗಿಸಿ ಹೇಳುವುದಕ್ಕಿಂತ ನಡೆದದ್ದನ್ನು ಹೆಸರಿಸಿ, ನೀವು ಗಮನಿಸಿದ್ದೀರಿ ಅಂತ ಅವರಿಗೆ ಗೊತ್ತಾಗುವುದು ಆಗ. "ಅಡ್ಜಸ್ಟ್" ಪೂರ್ತಿ ತೆಗೆಯಿರಿ. ನಮ್ಮೂರ ಬಸ್ಸಿನಲ್ಲಿ ಅದು ಸ್ನೇಹದ ಮಾತು, ಓದುವವರಿಗೆ ಮಾತ್ರ ನೀವೇ ಸಹಿಸಿಕೊಳ್ಳಿ ಅಂದ ಹಾಗೆ ಕೇಳುತ್ತದೆ. ಹೀಗೆ ಹಾಕಿ:

"ಡಿಯರ್ ಸರ್, ಥ್ಯಾಂಕ್ ಯು ಫಾರ್ ಟೆಲ್ಲಿಂಗ್ ಅಸ್. ಯುವರ್ ಮದರ್ ಶುಡ್ ಹ್ಯಾವ್ ಬೀನ್ ಆಫರ್ಡ್ ಎ ಸೀಟ್ ದ ಮೊಮೆಂಟ್ ಯು ಅರೈವ್ಡ್, ಅಂಡ್ ವಿ ಆರ್ ಸಾರಿ ದಟ್ ಶಿ ವಾಸ್ ನಾಟ್. ವಿ ಹ್ಯಾವ್ ಸ್ಪೋಕನ್ ಟು ಅವರ್ ಸ್ಟಾಫ್. ಪ್ಲೀಸ್ ಗಿವ್ ಹರ್ ಅವರ್ ರಿಗಾರ್ಡ್ಸ್."

ಕೆಳಗೆ ಟೀಮ್ ಅಂತ ಹಾಕಬೇಡಿ ಅಮ್ಮ, ನಿಮ್ಮ ಹೆಸರು, ಹುದ್ದೆ ಹಾಕಿ. ಸ್ಟಾಫ್ ಜೊತೆ ಮಾತಾಡಿದ ಮೇಲೆಯೇ ಇದನ್ನು ಪೋಸ್ಟ್ ಮಾಡಿ.